ಅಳಿಸಿದರೂ ಉಳಿಯುವ ಕಡತ

ಕಂಪ್ಯೂಟರಿನಲ್ಲಿ ಬರೆದಿಟ್ಟ ದಾಖಲೆಯನ್ನು ನಾವಿಂದು ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ಪದ ಹಳೆಯದು. ಹಿಂದೆ ನಮ್ಮ ವರ್ತಕರೂ ಶ್ಯಾನುಭೋಗರೂ ಲೆಕ್ಕ ಬರೆಯುತ್ತಿದ್ದ ಕಡತವೆಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿಮಾಡಿದ ಬಟ್ಟೆ. ಅದನ್ನು ಮಡಿಸಿ ಮಡಿಸಿ ಪುಸ್ತಕದಂತೆ ಇಡುತ್ತಿದ್ದರು. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಕಡತದ ಅನುಕೂಲ, ಅಪಾಯ ಎರಡೂ ಒಂದೇ ಗುಣದಲ್ಲಿದ್ದವು. ಬರೆದದ್ದನ್ನು ಒರೆಸಿ ಅದೇ ಜಾಗದಲ್ಲಿ ಬೇರೊಂದು ಬರೆಯಬಹುದಿತ್ತು. ಒರೆಸಿದ ಮೇಲೆ ಅಲ್ಲಿ ಮೊದಲು ಏನಿತ್ತು, ಯಾರು ಒರೆಸಿದರು, ಏಕೆ ಒರೆಸಿದರು ಎಂಬುದಕ್ಕೆ ಸಾಕ್ಷಿ ಉಳಿಯುತ್ತಿರಲಿಲ್ಲ.

ಕಂಪ್ಯೂಟರಿನ ಕಡತವೂ ಸ್ವಭಾವದಲ್ಲಿ ಹಾಗೆಯೇ. ಹೊಸದನ್ನು ಬರೆದು ಉಳಿಸಿದೊಡನೆ ಹಳೆಯದು ಮಾಯ. ಒಬ್ಬರು ಒಂದು ಪತ್ರ ಬರೆಯುವಾಗ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ತಂತ್ರಾಂಶದ ಮಾತು ಬೇರೆ. ತಂತ್ರಾಂಶ ಬರೆಯುವವರು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆಯುವ ಆಜ್ಞೆಗಳ ಸಾಲುಗಳಿಗೆ ‘ಸೋರ್ಸ್ ಕೋಡ್’ ಎಂದು ಹೆಸರು. ಇಲ್ಲಿ ಅದನ್ನು ಮೂಲಪಾಠ ಎನ್ನೋಣ. ಬ್ಯಾಂಕಿನ ಲೆಕ್ಕವನ್ನೋ ರೈಲಿನ ಕಾಯ್ದಿರಿಸುವಿಕೆಯನ್ನೋ ನಡೆಸುವ ತಂತ್ರಾಂಶದ ಮೂಲಪಾಠ ಲಕ್ಷಾಂತರ ಸಾಲುಗಳಷ್ಟು ಉದ್ದವಿರುತ್ತದೆ. ಅದನ್ನು ಹತ್ತಾರು, ಕೆಲವೊಮ್ಮೆ ಸಾವಿರಾರು ಮಂದಿ ವರ್ಷಗಟ್ಟಲೆ ತಿದ್ದುತ್ತಿರುತ್ತಾರೆ. ನಿನ್ನೆ ಸರಿಯಾಗಿದ್ದ ಲೆಕ್ಕ ಇಂದು ತಪ್ಪಿದರೆ, ನಡುವೆ ಬದಲಾದ ಸಾಲು ಯಾವುದು ಎಂದು ಹೇಳುವವರು ಬೇಕಲ್ಲ?

ಮೂಲಪಾಠವನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಬರೆಯುತ್ತಿದ್ದ ಕಾಲವೊಂದಿತ್ತು. ಒಂದು ಕಾರ್ಡಿಗೆ 80 ಕಂಬಸಾಲು. ಕಾರ್ಡೊಂದಕ್ಕೆ ಒಂದು ಆಜ್ಞೆ. ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸಲೆಂದು ಕೊನೆಯ 8 ಕಂಬಸಾಲುಗಳಲ್ಲಿ ಕ್ರಮಸಂಖ್ಯೆ ಹಾಕುವ ರೂಢಿಯಿತ್ತು. ತಿದ್ದುವುದೆಂದರೆ ಒಂದು ಕಾರ್ಡು ತೆಗೆದು ಇನ್ನೊಂದು ಸೇರಿಸುವುದು. ತೆಗೆದ ಕಾರ್ಡು ಕಸದ ಬುಟ್ಟಿಗೆ. ಕಾರ್ಡು ಹೋಗಿ ಕಡತ ಬಂದ ಮೇಲೆ ಜನ ಕಂಡುಕೊಂಡ ಸುಲಭದ ದಾರಿ, ಎಲ್ಲದರ ಪ್ರತಿ ಇಟ್ಟುಕೊಳ್ಳುವುದು. ‘ಹೊಸದು’, ‘ಹೊಸದು 2’, ‘ಕೊನೆಯದು’, ‘ನಿಜವಾಗಿಯೂ ಕೊನೆಯದು’ ಎಂದು ಹೆಸರಿಟ್ಟ ಕಡತಗಳ ರಾಶಿಯನ್ನು ಇಂದಿಗೂ ಯಾವ ಕಚೇರಿಯ ಕಂಪ್ಯೂಟರಿನಲ್ಲಾದರೂ ಕಾಣಬಹುದು. ಈ ಗೊಂದಲಕ್ಕೆ ಶಿಸ್ತಿನ ಪರಿಹಾರ ಹುಡುಕಿದ ಕಥೆಯೇ ಆವೃತ್ತಿ ನಿಯಂತ್ರಣದ ಇತಿಹಾಸ. ಕೇಳಲು ಇದು ಗುಮಾಸ್ತಿಕೆಯ ವಿಷಯದಂತೆ ತೋರುತ್ತದೆ. ಆದರೆ ನೂರಾರು ಜನ ಕೂಡಿ ಮಾಡಿದ ಕೆಲಸದ ನೆನಪು ಯಾರ ಕೈಯಲ್ಲಿರಬೇಕು ಎಂಬ ದೊಡ್ಡ ಪ್ರಶ್ನೆ ಇದರ ಒಳಗೆ ಅಡಗಿದೆ.

ವ್ಯತ್ಯಾಸವಷ್ಟೇ ಸಾಕು

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಮಾರ್ಕ್ ರೋಚ್‌ಕೈಂಡ್ 1972ರಲ್ಲಿ ‘ಎಸ್‌ಸಿಸಿಎಸ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಮೊದಲು ಐಬಿಎಂನ ದೊಡ್ಡ ಯಂತ್ರಕ್ಕಾಗಿ ಬರೆದದ್ದು ಆಮೇಲೆ ಯುನಿಕ್ಸ್‌ಗೆ ಬಂತು. 1975ರಲ್ಲಿ ಅವರು ಅದನ್ನು ವಿವರಿಸಿ ಲೇಖನ ಪ್ರಕಟಿಸಿದರು. ಅವರ ಉಪಾಯ ಸರಳ. ಪ್ರತಿ ಸಲವೂ ಇಡೀ ಕಡತದ ಪ್ರತಿ ಇಡುವುದು ಬೇಡ. ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಇಟ್ಟರೆ ಸಾಕು. ಈ ವ್ಯತ್ಯಾಸಕ್ಕೆ ಅವರು ಗಣಿತದ ರೂಢಿಯಂತೆ ‘ಡೆಲ್ಟಾ’ ಎಂದು ಹೆಸರಿಟ್ಟರು. ಡಿಸ್ಕಿನ ಜಾಗ ಬಂಗಾರದಷ್ಟು ದುಬಾರಿಯಾಗಿದ್ದ ಆ ದಿನಗಳಲ್ಲಿ ಇದು ಸಣ್ಣ ಉಳಿತಾಯವಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಪ್ರತಿ ಡೆಲ್ಟಾದ ಜೊತೆಗೆ ಯಾರು ಬದಲಿಸಿದರು, ಯಾವಾಗ ಬದಲಿಸಿದರು, ಏಕೆ ಬದಲಿಸಿದರು ಎಂಬುದೂ ದಾಖಲಾಗುತ್ತಿತ್ತು. ಕಡತವನ್ನು ಒರೆಸಿದರೂ ಒರೆಸಿದವರ ಹೆಸರು ಉಳಿಯುವಂತಾದದ್ದು ಹೀಗೆ.

ಎರಡು ಪಾಠಗಳ ನಡುವಿನ ವ್ಯತ್ಯಾಸವನ್ನು ಯಂತ್ರ ಕಂಡುಹಿಡಿಯುವುದು ಹೇಗೆ? ನಮ್ಮ ಗ್ರಂಥ ಸಂಪಾದಕರು ಓಲೆಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪಾಠಾಂತರ ಗುರುತಿಸುತ್ತಾರಷ್ಟೆ. ಅದನ್ನೇ ಯಂತ್ರಕ್ಕೆ ಕಲಿಸಬೇಕಿತ್ತು. ಬೆಲ್ ಪ್ರಯೋಗಾಲಯದ ಡಗ್ಲಾಸ್ ಮೆಕಿಲ್ರಾಯ್, ಜೇಮ್ಸ್ ಹಂಟ್ ಇಬ್ಬರೂ ಇದಕ್ಕೊಂದು ಗಣಿತ ವಿಧಾನವನ್ನು ರೂಪಿಸಿ 1976ರಲ್ಲಿ ವರದಿ ಬರೆದರು. ‘ಡಿಫ್’ ಎಂಬ ಹೆಸರಿನ ಆ ಸಲಕರಣೆ ಎರಡೂ ಕಡತಗಳಲ್ಲಿ ಒಂದೇ ಕ್ರಮದಲ್ಲಿ ಬರುವ ಸಾಲುಗಳ ಅತ್ಯಂತ ಉದ್ದವಾದ ಸರಣಿಯನ್ನು ಹುಡುಕುತ್ತದೆ. ಅದರಾಚೆಗೆ ಉಳಿದವು ಸೇರಿಸಿದವು ಅಥವಾ ತೆಗೆದವು. 1985ರಲ್ಲಿ ಲ್ಯಾರಿ ವಾಲ್ ಇದಕ್ಕೆ ಜೋಡಿಯಾಗಿ ‘ಪ್ಯಾಚ್’ ಎಂಬುದನ್ನು ಬರೆದರು. ವ್ಯತ್ಯಾಸದ ಪಟ್ಟಿಯೊಂದನ್ನೇ ಅಂಚೆಯಲ್ಲಿ ಕಳಿಸಿದರೆ, ಪಡೆದವರು ತಮ್ಮಲ್ಲಿರುವ ಹಳೆಯ ಕಡತಕ್ಕೆ ಅದನ್ನು ತೇಪೆಯಂತೆ ಹಾಕಿ ಹೊಸದನ್ನು ಪಡೆಯಬಹುದಾಯಿತು. ದೂರದೂರದ ದೇಶಗಳಲ್ಲಿದ್ದ ಅಪರಿಚಿತರು ಒಂದೇ ತಂತ್ರಾಂಶವನ್ನು ಬರೆಯುವ ಪದ್ಧತಿಗೆ ಈ ತೇಪೆಯೇ ತಳಹದಿ ಎಂದರೆ ತಪ್ಪಾಗಲಾರದು.

ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿದ್ದ ವಾಲ್ಟರ್ ಟಿಕಿ 1982ರಲ್ಲಿ ಮಂಡಿಸಿದ ‘ಆರ್‌ಸಿಎಸ್’ ರೋಚ್‌ಕೈಂಡರ ಲೆಕ್ಕವನ್ನು ತಿರುಗಿಸಿ ಹಾಕಿತು. ಜನರಿಗೆ ಹೆಚ್ಚಾಗಿ ಬೇಕಾಗುವುದು ಇಂದಿನ ಪಾಠ, ಹತ್ತು ವರ್ಷದ ಹಿಂದಿನದಲ್ಲ. ಆದ್ದರಿಂದ ಟಿಕಿ ಇತ್ತೀಚಿನದನ್ನು ಪೂರ್ತಿಯಾಗಿಟ್ಟು, ಹಿಂದಕ್ಕೆ ಹೋಗುವ ದಾರಿಯನ್ನು ವ್ಯತ್ಯಾಸಗಳ ರೂಪದಲ್ಲಿಟ್ಟರು. ಹೊಸದು ತಕ್ಷಣ ಸಿಗುತ್ತದೆ. ಹಳೆಯದು ಬೇಕಾದವರು ಮೆಟ್ಟಿಲಿಳಿದು ಹೋಗಬೇಕು.

ಈ ಎರಡಕ್ಕೂ ಒಂದು ಸಾಮಾನ್ಯ ನಿಯಮವಿತ್ತು. ತಿದ್ದಬೇಕೆನ್ನುವವರು ಕಡತಕ್ಕೆ ಬೀಗ ಹಾಕಿ ತೆಗೆದುಕೊಳ್ಳಬೇಕು. ಅವರು ಮರಳಿಸುವವರೆಗೆ ಬೇರೆಯವರು ಮುಟ್ಟುವಂತಿಲ್ಲ. ಗ್ರಂಥಾಲಯದ ಪುಸ್ತಕದ ಹಾಗೆ. ಬೀಗ ಹಾಕಿದವರು ಅದನ್ನು ತೆಗೆಯದೆ ರಜೆಯ ಮೇಲೆ ಹೋದರೆ ಉಳಿದವರ ಕೆಲಸ ನಿಂತಂತೆಯೇ.

ಮೂವರು, ಮೂರು ಹೊತ್ತು

ಬೀಗದ ಪದ್ಧತಿ ಮುರಿದದ್ದು ನೆದರ್ಲೆಂಡ್ಸಿನಲ್ಲಿ. ಕಾರಣ ತೀರ ಮನೆವಾರ್ತೆಯದು. ಆಮ್‌ಸ್ಟರ್‌ಡ್ಯಾಮಿನ ವ್ರೈಯ ವಿಶ್ವವಿದ್ಯಾನಿಲಯದ ಅಧ್ಯಾಪಕ ಡಿಕ್ ಖ್ರೂನ 1984ರ ಜುಲೈಯಿಂದ 1985ರ ಆಗಸ್ಟ್‌ವರೆಗೆ ಇಬ್ಬರು ವಿದ್ಯಾರ್ಥಿಗಳ ಜೊತೆ ಸಿ ಭಾಷೆಯ ಅನುವಾದಕವೊಂದನ್ನು ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಕಟ್ಟುನಿಟ್ಟಾಗಿ ದುಡಿಯುವವನು. ಇನ್ನೊಬ್ಬನಿಗೆ ಹೊತ್ತುಗೊತ್ತು ಇರಲಿಲ್ಲ. ಖ್ರೂನರಿಗೆ ಬಿಡುವು ಸಿಗುತ್ತಿದ್ದುದು ಸಂಜೆ ಮಾತ್ರ. ಒಬ್ಬರು ಹಾಕಿದ ಬೀಗಕ್ಕೆ ಇನ್ನೊಬ್ಬರು ಕಾಯುತ್ತ ಕೂತರೆ ಅನುವಾದಕ ಮುಗಿಯುವುದು ಯಾವಾಗ? ಖ್ರೂನ ಬೀಗವನ್ನೇ ಕೈಬಿಟ್ಟರು. ಪ್ರತಿಯೊಬ್ಬರೂ ತಮ್ಮ ಪ್ರತಿಯಲ್ಲಿ ತಮಗೆ ಬೇಕಾದಾಗ ತಿದ್ದಲಿ, ಆಮೇಲೆ ಎಲ್ಲರ ತಿದ್ದುಪಡಿಗಳನ್ನೂ ಬೆಸೆಯೋಣ ಎಂದರು. ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ಯಂತ್ರವೇ ಬೆಸೆಯುತ್ತದೆ. ಒಂದೇ ಸಾಲನ್ನು ಇಬ್ಬರು ಎರಡು ಬಗೆಯಲ್ಲಿ ತಿದ್ದಿದ್ದರೆ ಯಂತ್ರ ತೀರ್ಪು ಕೊಡುವುದಿಲ್ಲ. ಎರಡನ್ನೂ ಎದುರಿಗಿಟ್ಟು ನೀವೇ ತೀರ್ಮಾನಿಸಿ ಎನ್ನುತ್ತದೆ.

ಆರ್‌ಸಿಎಸ್ ಮೇಲೆಯೇ ಕಟ್ಟಿದ ಈ ವ್ಯವಸ್ಥೆಯನ್ನು ಖ್ರೂನ 1986ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. 1989ರಲ್ಲಿ ಬ್ರಯನ್ ಬರ್ಲಿನರ್ ಅದನ್ನು ಹೊಸದಾಗಿ ಬರೆದರು. ‘ಸಿವಿಎಸ್’ ಎಂಬ ಹೆಸರಿನಿಂದ ಅದು ಮುಂದಿನ ಹತ್ತು ಹದಿನೈದು ವರ್ಷ ಜಗತ್ತಿನ ಬಹುಪಾಲು ಮುಕ್ತ ತಂತ್ರಾಂಶಗಳ ಉಗ್ರಾಣವಾಯಿತು.

ಉಗ್ರಾಣವೆಂದ ಮೇಲೆ ಬೀಗದ ಕೈ ಯಾರಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಿವಿಎಸ್‌ನಲ್ಲಿ ಕೇಂದ್ರ ಯಂತ್ರ ಒಂದೇ. ಅಲ್ಲಿ ಬರೆಯುವ ಅಧಿಕಾರ ಉಳ್ಳವರು ಒಳಗಿನವರು, ಉಳಿದವರು ಹೊರಗಿನವರು. ನೆಟ್‌ಬಿಎಸ್‌ಡಿ ಯೋಜನೆಯ ಸ್ಥಾಪಕರಲ್ಲಿ ಒಬ್ಬರಾದ ಥಿಯೊ ಡಿ ರಾಟ್ ಅವರನ್ನು 1994ರ ಕೊನೆಯಲ್ಲಿ ಜಗಳವಾಗಿ ಹೊರಗಿಟ್ಟಾಗ ಅವರು ಕಳೆದುಕೊಂಡದ್ದು ಈ ಅಧಿಕಾರವನ್ನೇ. 1995ರಲ್ಲಿ ಅವರು ಓಪನ್‌ಬಿಎಸ್‌ಡಿ ಎಂಬ ಬೇರೆ ಯೋಜನೆ ಹೂಡಿದರು. ಅದರ ಉಗ್ರಾಣವನ್ನು ಯಾರು ಬೇಕಾದರೂ ಹೆಸರು ಹೇಳದೆ ಓದಬಹುದಾದಂತೆ ತೆರೆದಿಟ್ಟರು. ಬರೆಯುವ ಹಕ್ಕು ಕೆಲವರದೇ ಆದರೂ ಪೂರ್ಣ ಇತಿಹಾಸವನ್ನು ನೋಡುವ ಹಕ್ಕು ಎಲ್ಲರದಾಯಿತು. ಅಂದಿಗೆ ಇದು ಹೊಸ ಮಾತು.

ಸಿವಿಎಸ್‌ಗೆ ದೋಷಗಳೂ ಇದ್ದವು. ಕಡತದ ಹೆಸರು ಬದಲಿಸಿದರೆ ಅದರ ಹಿಂದಿನ ಚರಿತ್ರೆ ಕಳಚಿಕೊಳ್ಳುತ್ತಿತ್ತು. ಹತ್ತು ಕಡತಗಳನ್ನು ಸೇರಿಸುವಾಗ ನಡುವೆ ಸಂಪರ್ಕ ಕಡಿದರೆ ಐದು ಸೇರಿ ಐದು ಉಳಿಯುತ್ತಿದ್ದವು. ಇವನ್ನು ಸರಿಪಡಿಸಲೆಂದೇ 2000ದಲ್ಲಿ ಆರಂಭವಾದ ‘ಸಬ್‌ವರ್ಷನ್’ 2004ರ ಫೆಬ್ರುವರಿಯಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಿತು. ಆದರೆ ಅಷ್ಟರಲ್ಲಿ ಬಿರುಗಾಳಿ ಬೇರೆ ದಿಕ್ಕಿನಿಂದ ಎದ್ದಿತ್ತು.

ಒಂದು ಗೆರೆ ಕಡಿಮೆ

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ್ದು 1991ರಲ್ಲಿ. ಅಲ್ಲಿಂದ ಹತ್ತು ವರ್ಷ ಅವರು ಆವೃತ್ತಿ ನಿಯಂತ್ರಣದ ಯಾವ ವ್ಯವಸ್ಥೆಯನ್ನೂ ಹತ್ತಿರ ಸೇರಿಸಲಿಲ್ಲ. ಸಿವಿಎಸ್ ಎಂದರೆ ಅವರಿಗೆ ಆಗದು. ಜಗತ್ತಿನ ಎಲ್ಲೆಡೆಯಿಂದ ಜನ ತೇಪೆಗಳನ್ನು ಮಿಂಚಂಚೆಯಲ್ಲಿ ಕಳಿಸುತ್ತಿದ್ದರು. ಅವರು ಓದಿ, ಮೆಚ್ಚಿದ್ದನ್ನು ತಮ್ಮ ಪ್ರತಿಗೆ ಹಚ್ಚುತ್ತಿದ್ದರು. ತೇಪೆಗಳು ಹೆಚ್ಚಿದಂತೆ ಕೆಲವು ಕಳೆದುಹೋಗತೊಡಗಿದವು. ಕಳಿಸಿದವರು ಮತ್ತೆ ಮತ್ತೆ ಕಳಿಸಿ ಬೇಸತ್ತರು. 1998ರಲ್ಲೊಮ್ಮೆ, 2002ರ ಆರಂಭದಲ್ಲಿ ಮತ್ತೊಮ್ಮೆ ಈ ಅಸಮಾಧಾನ ಬಹಿರಂಗವಾಗಿಯೇ ಸ್ಫೋಟಿಸಿತು. ಒಬ್ಬ ಮನುಷ್ಯ ಎಷ್ಟೇ ಸಮರ್ಥನಾದರೂ ಇಷ್ಟು ದೊಡ್ಡ ಸಂತೆಗೆ ಒಬ್ಬನೇ ದ್ವಾರಪಾಲಕನಾಗಿರಲಾರ ಎಂಬುದು ಎಲ್ಲರಿಗೂ ಮನದಟ್ಟಾಗಿತ್ತು.

2002ರ ಫೆಬ್ರುವರಿಯಲ್ಲಿ ಟೋರ್ವಾಲ್ಡ್ಸ್ ‘ಬಿಟ್‌ಕೀಪರ್’ ಬಳಸತೊಡಗಿದರು. ಲ್ಯಾರಿ ಮೆಕ್‌ವಾಯ್ ಅವರ ಕಂಪನಿ ತಯಾರಿಸಿದ ಈ ವ್ಯವಸ್ಥೆಯಲ್ಲಿ ಕೇಂದ್ರ ಉಗ್ರಾಣ ಅನಿವಾರ್ಯವಲ್ಲ. ಪ್ರತಿಯೊಬ್ಬರ ಬಳಿಯೂ ಇಡೀ ಇತಿಹಾಸದ ಪ್ರತಿ ಇರುತ್ತದೆ. ಆದರೆ ಅದು ಮುಕ್ತ ತಂತ್ರಾಂಶವಲ್ಲ. ಲಿನಕ್ಸ್ ಕಾರ್ಯಕರ್ತರಿಗೆ ಪುಕ್ಕಟೆಯಾಗಿ ಕೊಟ್ಟರೂ ಒಂದು ಷರತ್ತಿತ್ತು: ಬಳಸುವವರು ಅದಕ್ಕೆ ಪ್ರತಿಸ್ಪರ್ಧಿಯಾದ ಸಾಧನವನ್ನು ತಯಾರಿಸಕೂಡದು. ಎಲ್ಲರೂ ಕೂಡಿ ಬರೆದ, ಎಲ್ಲರಿಗೂ ಸೇರಿದ ಕೃತಿಯ ಚರಿತ್ರೆಯನ್ನು ಒಬ್ಬರ ಖಾಸಗಿ ಪೆಟ್ಟಿಗೆಯಲ್ಲಿಡುವುದು ಸರಿಯೇ ಎಂದು ರಿಚರ್ಡ್ ಸ್ಟಾಲ್‌ಮನ್ ಮೊದಲಾದವರು ಆಕ್ಷೇಪಿಸಿದರು. ಚೆನ್ನಾಗಿ ಕೆಲಸ ಮಾಡುವ ಸಾಧನ ತನಗೆ ಮುಖ್ಯ ಎಂಬುದು ಟೋರ್ವಾಲ್ಡ್ಸ್ ಅವರ ನಿಲುವು. ಬಿಟ್‌ಕೀಪರ್ ಒಲ್ಲೆನೆಂದವರಿಗಾಗಿ ಅದರಿಂದ ಇಳಿಸಿದ ಸಿವಿಎಸ್ ಪ್ರತಿಯೊಂದನ್ನು ಪ್ರತ್ಯೇಕವಾಗಿ ಒದಗಿಸಲಾಯಿತು.

ದಾಖಲೆಯ ಬೆಲೆ ಏನೆಂಬುದು 2003ರ ನವೆಂಬರ್ 5ರಂದು ತಿಳಿಯಿತು. ಆ ಸಿವಿಎಸ್ ಪ್ರತಿಯಲ್ಲಿದ್ದ ಒಂದು ಬದಲಾವಣೆಗೆ ಬಿಟ್‌ಕೀಪರಿನ ಮೂಲದಲ್ಲಿ ಜೋಡಿ ಇರಲಿಲ್ಲ. ಯಾರೋ ಆ ಯಂತ್ರಕ್ಕೆ ನುಗ್ಗಿ, ಹೆಸರುವಾಸಿ ಕಾರ್ಯಕರ್ತರೊಬ್ಬರ ಹೆಸರಿನಲ್ಲಿ ಎರಡು ಸಾಲು ಸೇರಿಸಿದ್ದರು. ಸಿ ಭಾಷೆಯಲ್ಲಿ ಎರಡು ಸಮಚಿಹ್ನೆ ಒಟ್ಟಿಗೆ ಬರೆದರೆ ‘ಇವೆರಡೂ ಸಮವೇ?’ ಎಂಬ ಪ್ರಶ್ನೆ. ಒಂದೇ ಬರೆದರೆ ‘ಇದನ್ನು ಅದರಂತೆ ಮಾಡು’ ಎಂಬ ಆಜ್ಞೆ. ಯಂತ್ರದ ಸರ್ವಾಧಿಕಾರಿಯ ಸಂಖ್ಯೆ ಸೊನ್ನೆ. ಬಳಸುತ್ತಿರುವವರ ಸಂಖ್ಯೆ ಸೊನ್ನೆಯೇ ಎಂದು ವಿಚಾರಿಸುವಂತೆ ಕಾಣುತ್ತಿದ್ದ ಸಾಲಿನಲ್ಲಿ ಸಮಚಿಹ್ನೆ ಒಂದೇ ಇತ್ತು. ಎಂದರೆ, ಗುಟ್ಟು ಬಲ್ಲ ಯಾವ ಬಳಕೆದಾರನೇ ಆಗಲಿ ಆ ಸಾಲನ್ನು ಹಾದುಹೋದೊಡನೆ ಸರ್ವಾಧಿಕಾರಿಯಾಗಿಬಿಡುತ್ತಿದ್ದ! ಎರಡು ದಾಖಲೆಗಳು ತಾಳೆಯಾಗದಿದ್ದುದನ್ನು ಗಮನಿಸಿದವರು ಮೆಕ್‌ವಾಯ್. ಕಳ್ಳಸಾಲು ಟೋರ್ವಾಲ್ಡ್ಸ್ ಅವರ ಮೂಲವನ್ನು ಮುಟ್ಟಲಿಲ್ಲ. ಬರೆದವರು ಯಾರೆಂಬುದು ಹೊರಬರಲೇ ಇಲ್ಲ.

ಹತ್ತು ದಿನಗಳ ಏಪ್ರಿಲ್

ಬಿಟ್‌ಕೀಪರಿನ ಸ್ನೇಹ ಮುರಿದದ್ದು 2005ರಲ್ಲಿ. ಸಾಂಬಾ ತಂತ್ರಾಂಶದಿಂದ ಹೆಸರಾದ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಬಿಟ್‌ಕೀಪರ್ ಉಗ್ರಾಣದಿಂದ ಮೂಲಪಾಠವನ್ನೂ ಇತಿಹಾಸವನ್ನೂ ಪಡೆಯುವ ಸ್ವತಂತ್ರ ಸಾಧನವೊಂದನ್ನು ಬರೆಯುತ್ತಿದ್ದರು. ತಾನು ಬಿಟ್‌ಕೀಪರನ್ನು ಬಳಸಿಯೇ ಇಲ್ಲ, ಆದ್ದರಿಂದ ಷರತ್ತು ತನಗೆ ಅನ್ವಯಿಸದು ಎಂಬುದು ಅವರ ವಾದ. ಕ್ಯಾನ್‌ಬೆರಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದಲ್ಲಿ ಅವರು ತಮ್ಮ ‘ರಹಸ್ಯ’ವನ್ನು ವೇದಿಕೆಯ ಮೇಲೆಯೇ ತೋರಿಸಿದರು. ಉಗ್ರಾಣದ ಯಂತ್ರಕ್ಕೆ ಸಾಮಾನ್ಯ ಸಂಪರ್ಕ ಹಾಕಿ ‘ಹೆಲ್ಪ್’ ಎಂದು ಬರೆದರು. ಯಂತ್ರ ತನಗೆ ತಿಳಿದ ಆಜ್ಞೆಗಳ ಪಟ್ಟಿಯನ್ನೇ ಕೊಟ್ಟಿತು. ಸಭೆ ನಕ್ಕಿತು. ಮೆಕ್‌ವಾಯ್ ನಗಲಿಲ್ಲ. ಪುಕ್ಕಟೆ ಬಿಟ್‌ಕೀಪರನ್ನು ಹಿಂತೆಗೆದುಕೊಳ್ಳುವುದಾಗಿ ಅವರ ಕಂಪನಿ ಅದಕ್ಕೂ ಮೊದಲೇ, ಆ ಏಪ್ರಿಲ್‌ನ ಆರಂಭದಲ್ಲೇ ಸಾರಿತ್ತು. ಮೂರು ವರ್ಷಗಳ ದುಡಿಮೆಯ ನೆನಪು ಯಾರದೋ ಅನುಮತಿಯ ಮೇಲೆ ನಿಂತಿತ್ತು ಎಂಬುದು ಒಂದೇ ದಿನದಲ್ಲಿ ಸ್ಪಷ್ಟವಾಯಿತು.

ಟೋರ್ವಾಲ್ಡ್ಸ್ ತಿರುಳಿನ ಕೆಲಸವನ್ನು ಬದಿಗಿಟ್ಟು ಏಪ್ರಿಲ್ 3ರಂದು ಹೊಸ ವ್ಯವಸ್ಥೆಯೊಂದನ್ನು ಬರೆಯಲು ಕೂತರು. ಏಪ್ರಿಲ್ 7ರ ಹೊತ್ತಿಗೆ ಅದು ತನ್ನದೇ ಮೂಲಪಾಠವನ್ನು ತಾನೇ ಕಾಯ್ದಿಡುವಷ್ಟು ಬೆಳೆದಿತ್ತು. ಅದಕ್ಕೆ ಅವರಿಟ್ಟ ಹೆಸರು ‘ಗಿಟ್’. ಬ್ರಿಟಿಷರ ಆಡುಮಾತಿನಲ್ಲಿ ಒರಟ, ಮೂಢ ಎಂದರ್ಥ. ತನ್ನ ಯೋಜನೆಗಳಿಗೆಲ್ಲ ತನ್ನ ಹೆಸರನ್ನೇ ಇಡುವುದು ತನ್ನ ಅಭ್ಯಾಸ ಎಂದು ಅವರು ತಮಾಷೆ ಮಾಡಿದ್ದುಂಟು.

ಗಿಟ್‌ನ ತಿರುಳು ಒಂದು ಬೆರಳಚ್ಚು. ಕಡತದ ಒಳಗಿರುವ ಅಕ್ಷರಗಳನ್ನೆಲ್ಲ ಗಣಿತದ ಗಾಣಕ್ಕೆ ಹಾಕಿ 40 ಅಂಕಿಗಳ ಗುರುತೊಂದನ್ನು ಹಿಂಡಲಾಗುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಪ್ರತಿ ತಿದ್ದುಪಡಿಯ ದಾಖಲೆಯಲ್ಲಿ ಅದರ ಹಿಂದಿನ ದಾಖಲೆಯ ಗುರುತೂ ಸೇರಿರುತ್ತದೆ. ಆದ್ದರಿಂದ ಐದು ವರ್ಷದ ಹಿಂದಿನ ಒಂದು ಸಾಲನ್ನು ಯಾರಾದರೂ ಕದ್ದು ತಿದ್ದಿದರೆ ಅಲ್ಲಿಂದ ಇಂದಿನವರೆಗಿನ ಸರಪಳಿಯ ಕೊಂಡಿಗಳೆಲ್ಲ ಬದಲಾಗಿ, ಜಗತ್ತಿನ ಇತರ ಪ್ರತಿಗಳೊಡನೆ ತಾಳೆಯಾಗದೆ ಸಿಕ್ಕಿಬೀಳುತ್ತದೆ. 2003ರಲ್ಲಿ ಒಬ್ಬರ ಕಣ್ಣಿಗೆ ಬಿದ್ದು ಉಳಿದದ್ದನ್ನು ಇಲ್ಲಿ ಲೆಕ್ಕವೇ ಕಾಯುತ್ತದೆ. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಸ್ಥೆಯ ಮತ್ತು ಗೂಗಲ್‌ನ ಸಂಶೋಧಕರು ಈ ಬೆರಳಚ್ಚಿನ ವಿಧಾನದಲ್ಲಿ ಎರಡು ಬೇರೆ ಕಡತಗಳಿಗೆ ಒಂದೇ ಗುರುತು ಬರುವಂತೆ ಮಾಡಿ ತೋರಿಸಿದರು. ಆ ಮೇಲೆ ಗಿಟ್ ತನ್ನ ಗಾಣವನ್ನು ಬಿಗಿಗೊಳಿಸಿಕೊಂಡು, ಇನ್ನೂ ಗಟ್ಟಿಯಾದ ವಿಧಾನದತ್ತ ಹೊರಳತೊಡಗಿತು.

ಇಲ್ಲೊಂದು ವಿಪರ್ಯಾಸವಿದೆ. ಇತಿಹಾಸವನ್ನು ಕಾಯಲೆಂದೇ ಹುಟ್ಟಿದ ಗಿಟ್‌ಗೆ ಲಿನಕ್ಸ್ ತಿರುಳು ಕಾಲಿಟ್ಟದ್ದು ಇತಿಹಾಸವಿಲ್ಲದೆ. 2005ರ ಏಪ್ರಿಲ್ 16ರಂದು ಟೋರ್ವಾಲ್ಡ್ಸ್ 17 ಸಾವಿರಕ್ಕೂ ಹೆಚ್ಚು ಕಡತಗಳನ್ನು, ಸುಮಾರು 67 ಲಕ್ಷ ಸಾಲುಗಳನ್ನು ಒಂದೇ ಗುಕ್ಕಿಗೆ ಸೇರಿಸಿದರು; ಹಳೆಯ ಚರಿತ್ರೆ ತಮ್ಮ ಬಳಿ ಇದ್ದರೂ ಅದರ ಗಾತ್ರಕ್ಕೆ ಅಂಜಿ ಹೊರಗೆ ಬಿಟ್ಟರು. ಇಂದಿಗೂ ಲಿನಕ್ಸಿನ ಹಳೆಯ ಸಾಲೊಂದನ್ನು ಯಾರು ಬರೆದರೆಂದು ಕೇಳಿದರೆ ಗಿಟ್ ಆ ದಿನದವರೆಗೆ ಹೋಗಿ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಉತ್ತರವಾಗಿ ಬರುವುದು ಟೋರ್ವಾಲ್ಡ್ಸ್ ಹೆಸರು. ಗೋಡೆಯಾಚೆಯ ಚರಿತ್ರೆಯನ್ನು ಬೇರೆಯವರು ಶ್ರಮಪಟ್ಟು ಕೂಡಿಸಿ ಪ್ರತ್ಯೇಕ ಉಗ್ರಾಣಗಳಲ್ಲಿ ಇಟ್ಟಿದ್ದಾರೆ.

2005ರ ಜುಲೈಯಲ್ಲಿ ಗಿಟ್‌ನ ಹೊಣೆಯನ್ನು ಜಪಾನಿನ ಜುನಿಯೊ ಹಮಾನೊ ವಹಿಸಿಕೊಂಡರು. ಅದೇ ಬಿಕ್ಕಟ್ಟಿನಿಂದ ಆ ಏಪ್ರಿಲ್‌ನಲ್ಲೇ ‘ಮರ್ಕ್ಯುರಿಯಲ್’ ಎಂಬ ಇನ್ನೊಂದು ವ್ಯವಸ್ಥೆಯೂ ಹುಟ್ಟಿತ್ತು, ಗೆದ್ದದ್ದು ಗಿಟ್. ಬಿಟ್‌ಕೀಪರ್ ಕೂಡ 2016ರಲ್ಲಿ ಮುಕ್ತ ತಂತ್ರಾಂಶವಾಯಿತು. ಅಷ್ಟರಲ್ಲಿ ಅದನ್ನು ಕೇಳುವವರು ವಿರಳವಾಗಿದ್ದರು.

ಉಗ್ರಾಣ ಯಾರದು?

ಎಲ್ಲರ ಬಳಿಯೂ ಪೂರ್ಣ ಪ್ರತಿ ಇದ್ದ ಮೇಲೆ ಕೇಂದ್ರ ಬೇಡ ಎಂಬುದು ಗಿಟ್‌ನ ತತ್ತ್ವ. ಜನರ ನಡವಳಿಕೆ ಬೇರೆಯಾಯಿತು. 2008ರಲ್ಲಿ ಆರಂಭವಾದ ಗಿಟ್‌ಹಬ್ ಎಂಬ ತಾಣದಲ್ಲಿ ಎಲ್ಲರೂ ತಮ್ಮ ಉಗ್ರಾಣಗಳನ್ನು ತಂದಿಟ್ಟರು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು. 2023ರ ಆರಂಭಕ್ಕೆ ಅಲ್ಲಿ ಹೆಸರು ನೋಂದಾಯಿಸಿದವರು 10 ಕೋಟಿ. ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲೂ ದಿನದ ಕೆಲಸ ಮುಗಿಯುವುದು ಬಹುಮಟ್ಟಿಗೆ ಗಿಟ್‌ಗೆ ಒಪ್ಪಿಸುವುದರೊಂದಿಗೇ. ಮನೆಮನೆಯಲ್ಲೂ ಕಣಜವಿದ್ದು ಊರಿನವರೆಲ್ಲ ಒಬ್ಬ ಸಾಹುಕಾರನ ಗೋದಾಮಿನಲ್ಲಿ ಭತ್ತ ಇಟ್ಟಂತಾಯಿತು.

ಗೋದಾಮು ಮುಚ್ಚಿದರೆ? ಗೂಗಲ್ ತನ್ನ ಇಂಥದೇ ತಾಣವನ್ನು 2016ರಲ್ಲಿ ಮುಚ್ಚಿದ್ದುಂಟು. ಅದೇ ವರ್ಷ ಫ್ರಾನ್ಸಿನ ಇನ್ರಿಯಾ ಸಂಸ್ಥೆ ಜಗತ್ತಿನ ಮೂಲಪಾಠಗಳನ್ನೆಲ್ಲ ಸಂಗ್ರಹಿಸುವ ‘ಸಾಫ್ಟ್‌ವೇರ್ ಹೆರಿಟೇಜ್’ ಎಂಬ ಭಂಡಾರವನ್ನು ಸಾರ್ವಜನಿಕವಾಗಿ ಆರಂಭಿಸಿತು. ಗಿಟ್‌ಹಬ್ ಸಹ 2020ರ ಫೆಬ್ರುವರಿ 2ರಂದು ತನ್ನಲ್ಲಿದ್ದ ಸಾರ್ವಜನಿಕ ಉಗ್ರಾಣಗಳ ಪ್ರತಿ ತೆಗೆದು, 186 ಸುರುಳಿ ಫಿಲ್ಮಿನ ಮೇಲೆ ಮುದ್ರಿಸಿ, ಉತ್ತರಧ್ರುವದ ಸಮೀಪದ ಸ್ವಾಲ್‌ಬಾರ್ಡ್ ದ್ವೀಪದ ಹಳೆಯ ಕಲ್ಲಿದ್ದಲ ಗಣಿಯೊಂದರಲ್ಲಿ ಇರಿಸಿತು. ಬೆಳಕಿಗೆ ಹಿಡಿದು ಓದುವ ಫಿಲ್ಮಿನ ಸುರುಳಿಯೇ ಕೊನೆಯ ನಂಬಿಕೆಯಾದದ್ದು ಸ್ವಾರಸ್ಯದ ಸಂಗತಿ.

ದಾಖಲೆ ಇದ್ದರಷ್ಟೇ ಸಾಲದು ಎಂಬುದನ್ನು 2024 ತೋರಿಸಿತು. ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುವ ‘ಎಕ್ಸ್‌ಝಡ್’ ಎಂಬ ಸಣ್ಣ ತಂತ್ರಾಂಶಕ್ಕೆ ಒಬ್ಬ ಅಪರಿಚಿತ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಭ್ಯತೆಯಿಂದ ತಿದ್ದುಪಡಿ ಕಳಿಸುತ್ತ ವಿಶ್ವಾಸ ಗಳಿಸಿ, ಅಧಿಕಾರ ಪಡೆದು, ಕಳ್ಳಬಾಗಿಲನ್ನು ಹುದುಗಿಸಿದ. ಅದನ್ನು ತೆರೆಯುವ ಮುಖ್ಯ ಕೊಂಡಿಯನ್ನು ಮಾತ್ರ ಅವನು ಗಿಟ್‌ನಲ್ಲಿ ಇಡಲಿಲ್ಲ. ಜನರಿಗೆ ಹಂಚುವ ಸಿದ್ಧ ಕಟ್ಟಿನಲ್ಲಷ್ಟೇ ಸೇರಿಸಿದ. ದಾಖಲೆ ಸುಳ್ಳು ಹೇಳದೆಂದು ಅವನಿಗೂ ಗೊತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಯಂತ್ರದೊಳಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಕೆದಕಿದ್ದರಿಂದ ಮಾರ್ಚ್ 29ರಂದು ಗುಟ್ಟು ರಟ್ಟಾಯಿತು. ಆಮೇಲೆ ಆ ವ್ಯಕ್ತಿ ಹೆಜ್ಜೆಹೆಜ್ಜೆಗೂ ಏನೇನು ಮಾಡಿದ್ದನೆಂದು ಕಂಡದ್ದು ಗಿಟ್‌ನ ಪುಟಗಳಲ್ಲಿಯೇ. ಎಲ್ಲವೂ ಅಲ್ಲಿ ತಾರೀಖು ಸಮೇತ ಇತ್ತು, ಓದುವವರಿರಲಿಲ್ಲ. ಆ ತಂತ್ರಾಂಶವನ್ನು ಅಷ್ಟು ಕಾಲ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವರು ಒಬ್ಬರೇ.

ರೋಚ್‌ಕೈಂಡ್ 1972ರಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಯಾರು, ಯಾವಾಗ ಎಂಬುದನ್ನು ಯಂತ್ರ ತಾನೇ ಬರೆದುಕೊಳ್ಳುತ್ತದೆ. ಏನು ಬದಲಾಯಿತೆಂಬುದನ್ನು ಡಿಫ್ ತೋರಿಸುತ್ತದೆ. ‘ಏಕೆ’ ಎಂಬುದನ್ನು ಮಾತ್ರ ತಿದ್ದಿದವರೇ ಬರೆಯಬೇಕು, ಮತ್ತು ಇನ್ನೊಬ್ಬರು ಅದನ್ನು ಓದಬೇಕು. ಕನ್ನಡ ವಿಕಿಪೀಡಿಯದ ಪ್ರತಿ ಪುಟದ ಹಿಂದೆಯೂ ಇಂಥದೇ ಒಂದು ಚರಿತ್ರೆಯ ಪುಟವಿದೆ. ತಿದ್ದಿದವರು ಕಾರಣ ಬರೆಯಲೆಂದು ಅಲ್ಲೂ ಒಂದು ಸಾಲಿನ ಜಾಗ ಬಿಟ್ಟಿದ್ದಾರೆ. ಆ ಜಾಗ ಬಹಳ ಸಲ ಖಾಲಿಯಾಗಿಯೇ ಉಳಿಯುತ್ತದೆ.